ಬಿಸಿಯೂಟ ಇದೆಯೆಂದು ಬೆಳಗಿನ ತಿಂಡಿ ಬಿಡಬೇಡಿ

"ಮಧ್ಯಾಹ್ನ ಶಾಲೆಯಲ್ಲಿ ಊಟ ಕೊಡ್ತಾರಲ್ಲ" ಎಂದು ಮಗುವನ್ನು ಬರೀ ಚಹಾ ಕುಡಿಸಿ ಕಳಿಸುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಕೂಲಿಗೆ ಹೊರಡುವ ಅವಸರ ನನಗೂ ಗೊತ್ತು. ಆದರೂ ಒಂದು ಮಾತು ಕೇಳಿ.

ಅಕ್ಷರ ದಾಸೋಹ ಯೋಜನೆಯ ಈ ಬಿಸಿಯೂಟ ದಿನದ ಒಂದು ಹೊತ್ತಿನದು ಮಾತ್ರ. ಒಂದರಿಂದ ಐದನೇ ತರಗತಿಯ ಮಗುವಿಗೆ ಅದರಲ್ಲಿ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು ನಿಯಮ. ಅದು ಒಳ್ಳೆಯ ಊಟವೇ. ಆದರೆ ಓಡಾಡುವ ಮಗುವಿಗೆ ಇಡೀ ದಿನಕ್ಕೆ ಕ್ಯಾಲರಿಯೇ ಅದರ ಮೂರು ನಾಲ್ಕು ಪಟ್ಟು ಬೇಕು. ಬೆಳಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲೆಗಟ್ಟಿ, ಪಕ್ಕದವಳ ಭುಜ ಹಿಡಿದು ಕೂತುಬಿಟ್ಟ ಹುಡುಗಿಯನ್ನು ನಾನು ನೋಡಿದ್ದೇನೆ. ರಾತ್ರಿ ಎಂಟಕ್ಕೆ ಉಂಡಿದ್ದಳಂತೆ, ಆಮೇಲೆ ಏನೂ ಇಲ್ಲ.

ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯದ ಹಾಲು ತಿಂಡಿಯ ಬದಲಿಗಲ್ಲ, ಅದು 150 ಮಿಲಿಲೀಟರ್ ಅಷ್ಟೇ. ರಾತ್ರಿಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕೊಡಿ, ತಂಗಳು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಡಿ, ಸಾಕು. ಅದೂ ಆಗದಿದ್ದರೆ ಒಂದು ಬಾಳೆಹಣ್ಣು.

ಇನ್ನೊಂದು, ಚಿಪ್ಸ್ ಪೊಟ್ಟಣಕ್ಕೆಂದು ಕೈಗೆ ಹತ್ತು ರೂಪಾಯಿ ಇಡಬೇಡಿ. ಊಟದ ಹೊತ್ತಿಗೆ ಹಸಿವು ಸತ್ತು, ತಟ್ಟೆಯ ಬೇಳೆ ತರಕಾರಿ ಹಾಗೇ ಉಳಿಯುತ್ತದೆ. ಸಂಜೆ ಮಗು ಬಂದಾಗ "ಮೊಟ್ಟೆ ತಿಂದ್ಯಾ? ಸಾರಲ್ಲಿ ಏನು ಸೊಪ್ಪಿತ್ತು?" ಎಂದು ಕೇಳಿ. ಊಟ ಸರಿಯಿಲ್ಲವೆಂದರೆ ಶಾಲೆ ಬಿಡಿಸಬೇಡಿ, ಉಣ್ಣಬೇಡವೆಂದೂ ಹೇಳಬೇಡಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗಿ ಹೇಳಿ; ಆ ಸಮಿತಿಯಲ್ಲಿ ಇರುವವರಲ್ಲಿ ಹೆಚ್ಚಿನವರು ನಿಮ್ಮಂಥ ತಂದೆತಾಯಿಯರೇ.