ಕೊಬ್ಬರಿ ಎಣ್ಣೆ ಬೇಡ, ಸಂಕೋಚವೂ ಬೇಡ

ಪ್ರಶ್ನೆ: ನಾನು 27 ವರ್ಷದ ಮಂಗಳಮುಖಿ. ನಾಲ್ಕು ವಾರದ ಹಿಂದೆ ಗೆಳೆಯನ ಜೊತೆ ಸೇರಿದಾಗ ಕಾಂಡೋಮ್ ಹರಿಯಿತು. ನೋವಾಗಬಾರದೆಂದು ಕೊಬ್ಬರಿ ಎಣ್ಣೆ ಹಚ್ಚಿದ್ದೆವು. ಈಗ ಮೈಯಲ್ಲಿ ತೊಂದರೆಯೇನೂ ಕಾಣದಿದ್ದರೂ ನಿದ್ದೆ ಬರುತ್ತಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಎಲ್ಲರೂ ತಿರುಗಿ ನೋಡುತ್ತಾರೆಂದು ಹೋಗಿಲ್ಲ. ಹಾರ್ಮೋನ್ ಮಾತ್ರೆ ನುಂಗುವವರಿಗೆ ಸೋಂಕು ತಗಲುವುದಿಲ್ಲ ಅಂತಾಳೆ ಗೆಳತಿ. ನಿಜವೇ?
– ಹೆಸರು ಬೇಡ, ಹುಡಗಿ ಗ್ರಾಮ, ಹುಮನಾಬಾದ್

ಉತ್ತರ: ನಿಜವಲ್ಲ. ಹಾರ್ಮೋನ್ ಮಾತ್ರೆ ಎಚ್‌ಐವಿಯನ್ನಾಗಲಿ, ಸಿಫಿಲಿಸ್, ಗೊನೊರಿಯಾಗಳನ್ನಾಗಲಿ ತಡೆಯುವುದಿಲ್ಲ.

ಕಾಂಡೋಮ್ ಹರಿಯಲು ಎಣ್ಣೆಯೇ ಕಾರಣವಿರಬಹುದು. ಸಾಮಾನ್ಯ ಕಾಂಡೋಮ್ ರಬ್ಬರ್ ಹಾಲಿನಿಂದ ಮಾಡಿದ್ದು. ಎಣ್ಣೆ, ವ್ಯಾಸಲೀನ್ ತಾಗಿದರೆ ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಜಾರುವಿಕೆ ಬೇಕೆಂಬ ನಿಮ್ಮ ಯೋಚನೆ ಸರಿಯೇ. ಗುದದ ಒಳಪದರ ಬಹಳ ತೆಳು, ಒಣಗಿದ್ದರೆ ಸೀಳುತ್ತದೆ, ಸೋಂಕಿಗೆ ಅದೇ ದಾರಿ. ಶಸ್ತ್ರಚಿಕಿತ್ಸೆಯಿಂದ ಯೋನಿ ಮಾಡಿಸಿಕೊಂಡವರಿಗೂ ಈ ಎಚ್ಚರ ಬೇಕು. ಮೆಡಿಕಲ್ ಶಾಪಿನಲ್ಲಿ ನೀರು ಆಧಾರಿತ ಜೆಲ್ ಕೇಳಿ. ಕಾಂಡೋಮ್ ಪೊಟ್ಟಣದ ಮೇಲಿನ ತಾರೀಖು ನೋಡಿ, ಹಲ್ಲಿನಿಂದ ಕಚ್ಚದೆ ಬಿಡಿಸಿ, ತುದಿಯನ್ನು ಎರಡು ಬೆರಳಲ್ಲಿ ಹಿಸುಕಿ ಗಾಳಿ ತೆಗೆದು ಹಾಕಬೇಕು. ಒಂದರ ಮೇಲೊಂದು ಎರಡು ಹಾಕಬಾರದು.

ಇನ್ನು ಮುಂದೆ ಹರಿದರೆ ಗಂಟೆ ಲೆಕ್ಕ ಹಾಕಿ. 72 ಗಂಟೆಯೊಳಗೆ, ಬೇಗ ಆದಷ್ಟೂ ಒಳ್ಳೆಯದು, ಔಷಧ ಶುರುಮಾಡಿ 28 ದಿನ ತೆಗೆದುಕೊಂಡರೆ ಎಚ್‌ಐವಿ ತಗಲುವುದನ್ನು ತಡೆಯಬಹುದು. ಈ ಸಲ ಆ ಅವಧಿ ದಾಟಿದೆ. ಹಾಗಾಗಿ ಈಗೊಮ್ಮೆ, ಘಟನೆಯಿಂದ ಮೂರು ತಿಂಗಳಾದಾಗ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ತೊಂದರೆ ಕಾಣದೆಂದು ಬಿಡಬೇಡಿ. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗಿ ಮಾಯುತ್ತದೆ, ಆದರೆ ರೋಗ ಒಳಗೇ ಉಳಿಯುತ್ತದೆ. ಪೆನಿಸಿಲಿನ್ ಇಂಜೆಕ್ಷನ್ನಿನಿಂದ ಅದು ಗುಣವಾಗುತ್ತದೆ. ಬಾಯಿ, ಗುದ, ಯಾವ ರೀತಿಯ ಸಂಪರ್ಕವಾಯಿತೆಂದು ವೈದ್ಯರಿಗೆ ಬಿಚ್ಚಿ ಹೇಳಿ. ಗಂಟಲು, ಗುದದ ಸೋಂಕು ಮೂತ್ರ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆಯನ್ನೂ ಕೇಳಿ.

ಹುಮನಾಬಾದ್ ಸರ್ಕಾರಿ ಆಸ್ಪತ್ರೆಗೆ ಹೋಗಿ ಐಸಿಟಿಸಿ, ಅಂದರೆ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ, ಎಲ್ಲಿದೆ ಎಂದು ಕೇಳಿ. ಅಲ್ಲಿ ಎಚ್‌ಐವಿ ಪರೀಕ್ಷೆಗೆ ದುಡ್ಡಿಲ್ಲ, ಆಪ್ತ ಸಮಾಲೋಚಕರ ಜೊತೆ ಮಾತಾಡಬಹುದು. ಹೋಗುವ ಮುಂಚೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಬಹುದು, ಅದಕ್ಕೂ ಖರ್ಚಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದು, ಫಲಿತಾಂಶ ಹೊರಗೆ ಹೇಳುವುದು 2017ರ ಎಚ್‌ಐವಿ ಕಾಯ್ದೆಗೆ ವಿರುದ್ಧ. ಮಂಗಳಮುಖಿ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನು 2019ರ ತೃತೀಯಲಿಂಗಿಗಳ ಹಕ್ಕುಗಳ ರಕ್ಷಣೆ ಕಾಯ್ದೆ ನಿಷೇಧಿಸುತ್ತದೆ.

ಎಚ್‌ಐವಿ ಇದೆಯೆಂದೇ ಗೊತ್ತಾದರೂ ಕೈಚೆಲ್ಲಬೇಡಿ. ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಔಷಧ ಉಚಿತ. ಅದನ್ನು ತಪ್ಪದೆ ತೆಗೆದುಕೊಂಡು, ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ಸಂಭೋಗದಿಂದ ಮತ್ತೊಬ್ಬರಿಗೆ ಹರಡುವುದಿಲ್ಲ.

ಒಬ್ಬರೇ ಹೋಗಲು ಅಳುಕಾದರೆ ಆ ಗೆಳತಿಯನ್ನೂ ಕರೆದೊಯ್ಯಿರಿ. ಮಾತ್ರೆ ಕಾಯುತ್ತದೆಂದು ನಂಬಿದ್ದಾರಲ್ಲ, ಅವರಿಗೂ ಈ ಪರೀಕ್ಷೆ ಆಗಬೇಕು.