ಕುಶನ್ ಇರೋದು ಶೂನಲ್ಲಿ ಮಾತ್ರವಾ?

ಹಾಸ್ಟೆಲ್‌ನಲ್ಲಿ ಯಾರಾದ್ರೂ ಹೊಸ ಶೂ ತಂದ್ರೆ ನಾವೆಲ್ಲ ಮೊದಲು ಮಾಡೋ ಕೆಲಸ ಅಂದ್ರೆ ಹೆಬ್ಬೆರಳಿನಿಂದ ಸೋಲ್ ಒತ್ತಿ ನೋಡೋದು. ಮೆತ್ತಗಿದ್ರೆ "ಮಸ್ತ್ ಐತಿ ಲೇ" ಅಂತೀವಿ. ಆದರೆ ಮೆತ್ತಗಿರೋದೇ ಬೇರೆ, ಕುಶನ್ನೇ ಬೇರೆ. ತೆಳ್ಳನೆ ಸ್ಪಂಜ್ ಮೇಲೆ ಮೊಟ್ಟೆ ಬೀಳಿಸಿ ನೋಡಿ, ಸ್ಪಂಜ್ ಎಷ್ಟು ಮೆತ್ತಗಿದ್ರೂ ಮೊಟ್ಟೆ ಒಡೆಯುತ್ತೆ.

ಫಸ್ಟ್ ಇಯರ್ ಮೆಕ್ಯಾನಿಕ್ಸ್ ಸ್ವಲ್ಪ ನೆನಪು ಮಾಡ್ಕೊಳ್ಳೋಣ. ಬಲವನ್ನು ಸಮಯದಿಂದ ಗುಣಿಸಿದರೆ ಬರೋದು ಮೊಮೆಂಟಮ್‌ನ ಬದಲಾವಣೆ. ಓಡುವಾಗ ಪಾದ ಮತ್ತು ಕೆಳಗಾಲು ಸೇರಿ 6 ಕೆಜಿ ತೂಕ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬಂದು ನೆಲಕ್ಕೆ ತಾಗಿ ನಿಲ್ಲುತ್ತೆ ಅಂತ ಇಟ್ಕೊಳ್ಳಿ. 10 ಮಿಲಿಸೆಕೆಂಡಿನಲ್ಲಿ ನಿಂತರೆ ಸರಾಸರಿ ಬಲ 600 ನ್ಯೂಟನ್. 25 ಮಿಲಿಸೆಕೆಂಡ್ ಸಿಕ್ಕರೆ 240 ನ್ಯೂಟನ್. ಅಂದ್ರೆ ಕುಶನ್ ಕೊಡೋದು ಸಮಯ. ಸೋಲ್ ಪೂರ್ತಿ ಅಮುಕಿಹೋಗಿ ತಳ ಮುಟ್ಟಿದರೆ ಆ ಸಮಯ ಮುಗೀತು, ಆಮೇಲೆ ಕಾಲಿಗೆ ಸಿಗೋದು ಬರೀ ನೆಲ.

ಶೂ ಕಂಪನಿಗಳ ಇತಿಹಾಸ ಅಂದ್ರೆ ಈ ಸಮಯ ಹುಡುಕೋ ಇತಿಹಾಸ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿಮಾಡೋ ವಿಧಾನ ಕಂಡುಕೊಂಡ. ಅದರಿಂದ ಕ್ಯಾನ್ವಾಸ್ ಶೂಗೆ ರಬ್ಬರ್ ಸೋಲ್ ಬಂತು. ಹಿಡಿತ ಸಿಕ್ತು, ಮೆತ್ತನೆ ಅಷ್ಟಕ್ಕಷ್ಟೇ. ದೊಡ್ಡ ಬದಲಾವಣೆ ಬಂದದ್ದು 1970ರ ದಶಕದ ಮಧ್ಯದಲ್ಲಿ, ಬ್ರೂಕ್ಸ್ ಕಂಪನಿ ರನ್ನಿಂಗ್ ಶೂಗೆ ಇವಿಎ ಫೋಮ್ ಹಾಕಿದಾಗ. ಇದರೊಳಗೆ ಮುಚ್ಚಿದ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ಒತ್ತಿದಾಗ ಗುಳ್ಳೆಗಳ ಗೋಡೆ ಬಾಗುತ್ತೆ, ಒಳಗಿನ ಗಾಳಿ ಕುಗ್ಗುತ್ತೆ. ಹಗುರ, ಅಗ್ಗ, ಬೇಕಾದ ಆಕಾರಕ್ಕೆ ಬರುತ್ತೆ. ಇವತ್ತಿಗೂ ಸಂತೆಯಲ್ಲಿ ಸಿಗೋ ಶೂ, ಚಪ್ಪಲಿಗಳಲ್ಲಿ ಬಹಳಷ್ಟು ಇದರದ್ದೇ.

ಏರೋಸ್ಪೇಸ್ ಇಂಜಿನಿಯರ್ ಫ್ರಾಂಕ್ ರೂಡಿ ಬೇರೆ ದಾರಿ ಹಿಡಿದರು: ಫೋಮ್ ಒಳಗೆ ಅನಿಲ ತುಂಬಿದ ಚೀಲ. 1978ರ ಕೊನೆಗೆ ನೈಕಿ ಅದನ್ನು ಟೇಲ್‌ವಿಂಡ್ ಶೂನಲ್ಲಿ ತಂತು. ಸಣ್ಣ ಅಣುಗಳಾದರೆ ಚೀಲದ ಗೋಡೆಯಿಂದ ಬೇಗ ಸೋರಿಹೋಗುತ್ತವೆ, ಅದಕ್ಕೇ ಬಹಳ ವರ್ಷ ಬಳಸಿದ್ದು ಸಲ್ಫರ್ ಹೆಕ್ಸಾಫ್ಲೋರೈಡ್. ಹೌದು, ಎಲೆಕ್ಟ್ರಿಕಲ್‌ನವರೇ, ನಿಮ್ಮ ಸರ್ಕ್ಯೂಟ್ ಬ್ರೇಕರ್‌ನ ಅದೇ ಅನಿಲ! ಇಂಗಾಲದ ಡೈಆಕ್ಸೈಡ್‌ಗಿಂತ 20,000 ಪಟ್ಟಿಗೂ ಹೆಚ್ಚು ಭೂಮಿ ಬಿಸಿಮಾಡೋ ಗುಣ ಅದಕ್ಕಿದೆ. 2006ರ ಹೊತ್ತಿಗೆ ಅದರ ಜಾಗಕ್ಕೆ ನೈಟ್ರೋಜನ್ ಬಂತು.

2013ರಲ್ಲಿ ಅಡಿಡಾಸ್ ಬೂಸ್ಟ್ ಬಂತು. ಟಿಪಿಯು ಅನ್ನೋ ಪ್ಲಾಸ್ಟಿಕ್ ಕಾಳುಗಳನ್ನು ಚುರಮುರಿ ಥರ ಅರಳಿಸಿ, ಅಚ್ಚಿನಲ್ಲಿ ಹಾಕಿ ಹಬೆ ಕೊಟ್ಟು ಅಂಟಿಸೋದು. ಪಕ್ಕಾ ಚುರಮುರಿ ಉಂಡಿನೇ ಅನ್ನಿ. 2017ರಲ್ಲಿ ನೈಕಿ ವೇಪರ್‌ಫ್ಲೈ ಪೆಬಾ ಫೋಮ್ ಮತ್ತು ಕಾರ್ಬನ್ ಪ್ಲೇಟ್ ಜೊತೆ ಬಂತು. ಅದರ ಪ್ರೋಟೋಟೈಪನ್ನು ಲ್ಯಾಬ್‌ನಲ್ಲಿ ಒತ್ತಿ ಬಿಟ್ಟಾಗ ಹಾಕಿದ ಶಕ್ತಿಯಲ್ಲಿ 87% ವಾಪಸ್ ಬಂತು. ಅದರ ಜೊತೆ ಪರೀಕ್ಷೆ ಮಾಡಿದ ಬೂಸ್ಟ್ ಶೂನಲ್ಲಿ ಸುಮಾರು 76%, ಇವಿಎ ಶೂನಲ್ಲಿ ಸುಮಾರು 66%. ಉಳಿದದ್ದು ಶಾಖವಾಗಿ ಹೋಗುತ್ತೆ. ಹಿಸ್ಟೆರಿಸಿಸ್ ಲೂಪ್‌ನ ಒಳಗಿನ ಜಾಗ ಅಂತ ಪರೀಕ್ಷೇಲಿ ಬರೀತೀವಲ್ಲ, ಅದೇ ಇದು. ಸೋಲ್ ದಪ್ಪ ಎಲ್ಲಿಗೆ ಹೋಗಿ ಮುಟ್ಟುತ್ತೋ ಅಂತ 2020ರಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ರಸ್ತೆ ಓಟದ ಶೂಗೆ 40 ಮಿಲಿಮೀಟರ್ ಮಿತಿ ಹಾಕಬೇಕಾಯ್ತು.

ಇಷ್ಟೆಲ್ಲ ಓದಿದ ಮೇಲೆ ನಮಗೆ ಬಂದ ಪ್ರಶ್ನೆ: ಆ ಸಮಯ ಶೂನಿಂದಲೇ ಬರಬೇಕಾ? ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆ ಹತ್ತೋರನ್ನು ನೋಡಿ. ಅವರ ಶೂನಲ್ಲಿ ಕುಶನ್ ಇಲ್ಲವೇ ಇಲ್ಲ. ಕಲ್ಲಿನ ಸಣ್ಣ ಅಂಚು ಬೆರಳಿಗೆ ಗೊತ್ತಾಗಬೇಕಲ್ಲ, ಅದಕ್ಕೆ ತೆಳ್ಳನೆ ರಬ್ಬರ್ ಅಷ್ಟೇ. ಕೈ ಜಾರಿ ಬಿದ್ದರೆ ಹಗ್ಗ ಹಿಗ್ಗುತ್ತೆ, ಸಮಯ ಅಲ್ಲಿಂದ ಸಿಗುತ್ತೆ. ಇನ್ನು ಹುನಗುಂದದ ಕಡೆ ಎರಿ ಹೊಲದಲ್ಲಿ ನಡೀರಿ. ಹರಗಿದ ಮಣ್ಣು ಕಾಲಡಿ ತಾನೇ ಕುಸಿಯುತ್ತೆ. ಅಲ್ಲಿ ಕುಶನ್ ಇರೋದು ನೆಲದಲ್ಲಿ.

ನಮ್ಮ ಹಿರಿಯರ ಕಾಲ್ಮರಿಯನ್ನು ಹೀಗೇ ನೋಡಬೇಕು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆಯೂ ಸೇರಿದವು. 2025ರ ಜೂನ್‌ನಲ್ಲಿ ಪ್ರಾಡಾ ಅಂಥದ್ದೇ ಚಪ್ಪಲಿಯನ್ನು ಮಿಲಾನ್‌ನಲ್ಲಿ ತೋರಿಸಿ, ಮೂಲದ ಹೆಸರು ಹೇಳದೆ ಬೈಸಿಕೊಂಡಾಗ ಸುದ್ದಿಯಲ್ಲಿ ಹೆಚ್ಚಾಗಿ ಕೇಳಿದ್ದು ಕೊಲ್ಹಾಪುರದ ಹೆಸರೇ. ನಮ್ಮ ಜಿಲ್ಲೆಯ ಹೆಸರು ಹೇಳಿದವರು ಕಡಿಮೆ, ಅದಕ್ಕೆ ನಾವಾದ್ರೂ ಹೇಳೋಣ. ಅಳಲೆಕಾಯಿ, ಜಾಲಿ ತೊಗಟೆಯಲ್ಲಿ ಹದ ಮಾಡಿದ ಚರ್ಮ, ಮೊಳೆ ಇಲ್ಲ, ಚರ್ಮದ ದಾರದ ಹೊಲಿಗೆ. ಫೋಮ್ ಥರ ಇದು ಸಮಯ ಕೊಡಲ್ಲ. ಆದರೆ ಹಾಕಿ ಹಾಕಿ ಪಾದದ ಅಚ್ಚಿಗೆ ಕೂರುತ್ತೆ, ಭಾರ ಹೆಚ್ಚು ಜಾಗಕ್ಕೆ ಹಂಚುತ್ತೆ. ಉಳಿದ ಅರ್ಧ ಕೆಲಸ ಮಣ್ಣಿನದು.

ಈಗ ಆ ಮಣ್ಣು ಎಲ್ಲಿದೆ? ಬಾಗಲಕೋಟೆ ನವನಗರದಲ್ಲಿ ಡಾಂಬರು, ಕಾಂಕ್ರೀಟು. ಇಳಕಲ್‌ನಲ್ಲಿ ಗ್ರಾನೈಟ್. ಇವು ಫೋಮ್‌ಗಿಂತ ಸಾವಿರಾರು ಪಟ್ಟು ಬಿರುಸು. ಇಂಥ ನೆಲ ಒಂದು ಮಿಲಿಸೆಕೆಂಡನ್ನೂ ಸಾಲ ಕೊಡಲ್ಲ. ಯುಗಾದಿ ಹತ್ತಿರ ಬಂತಂದ್ರೆ ನಮ್ಮ ಕಡೆಯವರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡ್ತಾರೆ. ನೂರಾರು ಕಿಲೋಮೀಟರ್, ಕಾದ ಡಾಂಬರು. ಎಷ್ಟೋ ಮನೆಗಳಲ್ಲಿ ಮಗ ಎರಡು ವರ್ಷ ಹಾಕಿ ಬಿಟ್ಟ ಸ್ಪೋರ್ಟ್ಸ್ ಶೂ ಅಪ್ಪನ ಕಾಲಿಗೆ ಹೋಗುತ್ತೆ. ಮೇಲೆ ಬಟ್ಟೆ ಚಂದ ಇರುತ್ತೆ, ಒಳಗಿನ ಇವಿಎ ಗುಳ್ಳೆಗಳು ಕುಸಿದು ಸತ್ತಿರುತ್ತವೆ. ಬಿಸಿಗೆ ಇವಿಎ ಇನ್ನೂ ಮೆತ್ತಗಾಗಿ ಬೇಗ ತಳ ಮುಟ್ಟುತ್ತೆ.

ಕೊಡೋ ಮುಂಚೆ ಎರಡು ನೋಡ್ರಿ. ಶೂ ಜೋಡಿಯನ್ನು ಟೇಬಲ್ ಮೇಲಿಟ್ಟು ಹಿಂದಿನಿಂದ ನೋಡಿ, ಹಿಮ್ಮಡಿ ಒಂದು ಕಡೆ ವಾಲಿದೆಯಾ? ಸೋಲ್‌ನ ಪಕ್ಕದಲ್ಲಿ ಅಡ್ಡ ಸುಕ್ಕುಗಳು ಒಂದು ರಾತ್ರಿ ಬಿಟ್ಟರೂ ಹಾಗೇ ಇವೆಯಾ? ಇದ್ದರೆ ಆ ಶೂ ದೂರದ ನಡಿಗೆಗಲ್ಲ. ಹಾಗಂತ ದಿಂಬಿನಷ್ಟು ಮೆತ್ತನೇದು ತಂದರೂ ಲೆಕ್ಕ ಸರಿಹೋಗಲ್ಲ. 1990ರ ದಶಕದ ಪ್ರಯೋಗಗಳಲ್ಲಿ ಕಂಡ ಪ್ರಕಾರ, ನೆಲ ಮೆತ್ತಗಾದಷ್ಟೂ ಓಡುವವರು ತಮಗೆ ಗೊತ್ತಿಲ್ಲದೇ ಕಾಲನ್ನು ಬಿರುಸು ಮಾಡ್ಕೊಳ್ತಾರೆ.

ಈ ಸೆಮ್‌ನಲ್ಲಿ ನಮ್ಮ ಗುಂಪು ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ನಲ್ಲಿ ಹೊಸ ಇವಿಎ, ಹಳೇ ಇವಿಎ, ಕಾಲ್ಮರಿಯ ಚರ್ಮ ಮೂರನ್ನೂ ಒತ್ತಿ ಲೂಪ್ ತೆಗೆಯೋಕೆ ಹೊರಟಿದೆ. ಹರಿದ ಶೂ, ಸವೆದ ಕಾಲ್ಮರಿ ಮನೇಲಿದ್ರೆ ಊರಿಂದ ಬರುವಾಗ ತನ್ನಿ, ಎಷ್ಟು ವರ್ಷ ಹಾಕಿದ್ದು ಅಂತ ಒಂದು ಚೀಟಿ ಬರೆದು ಅಂಟಿಸಿ.