ಬೇಡ ಅನ್ನುವ ತಾಕತ್ತು

ಕೂಸೇ, ಜಗತ್ತಿನ ಕಡುಬಡತನ ಕಳೆಯುವುದು ಹೇಗೆ ಅಂತ ನೀನು ಬರೆದ ಪ್ರಬಂಧ ಓದಿದೆ. ಚೆನ್ನಾಗಿದೆ. ಅಂಕಿ ಸಂಖ್ಯೆ ಬೇಕಾದಷ್ಟಿವೆ, ಆಫ್ರಿಕಾದ ನಕ್ಷೆಗೆ ಬಣ್ಣವನ್ನೂ ಹಚ್ಚಿದ್ದೀಯ. ದಿನಕ್ಕೆ 3 ಡಾಲರ್ ಒಳಗೆ ಬದುಕುವವರು ಕಡುಬಡವರು ಅಂತ ವಿಶ್ವಬ್ಯಾಂಕು ಗೆರೆ ಎಳೆದಿದೆ, 2025ರ ಜೂನ್‌ವರೆಗೂ ಆ ಗೆರೆ 2.15ರಲ್ಲಿತ್ತು, ಅಂಥವರು ಭೂಮಿಯ ಮೇಲೆ ಸುಮಾರು 80 ಕೋಟಿ. ಎಲ್ಲ ಸರಿ. ಆದರೆ ಬನಹಟ್ಟಿಯಲ್ಲಿ ಹುಟ್ಟಿ, ಮಗ್ಗದ ಸದ್ದಿನಲ್ಲೇ ನಿದ್ದೆ ಹೋಗಿ ಬೆಳೆದ ನಿನ್ನ ಹಾಳೆಯಲ್ಲಿ ಒಬ್ಬ ನೇಕಾರನೂ ಇಲ್ಲವಲ್ಲೋ! ಓಣಿ ದಾಟದೆ ಒಮ್ಮೆಗೇ ಸಮುದ್ರ ದಾಟಿಬಿಟ್ಟೆ.

ಬೇಜಾರು ಮಾಡಿಕೋಬೇಡ. ನಿನ್ನ ಬುದ್ಧಿ ಚುರುಕು, ಅವಸರ ಅದಕ್ಕಿಂತ ಚುರುಕು. ನನ್ನ ಅಳತೆಗೋಲು ಒಂದೇ, ಅದನ್ನು ಹೇಳಿಬಿಡುತ್ತೇನೆ. ಎದುರಿಗೆ ನಿಂತವನು ಕೆಟ್ಟ ವ್ಯವಹಾರ ಮುಂದಿಟ್ಟಾಗ ಯಾರಿಗೆ 'ಬೇಡ' ಅನ್ನಲು ಆಗುವುದಿಲ್ಲವೋ ಅವರು ಬಡವರು. ಕೈಯಲ್ಲಿ ಎಷ್ಟು ದುಡ್ಡಿದೆ ಅನ್ನುವುದು ಆಮೇಲಿನ ಮಾತು. ಬಡತನ ಕಳೆಯುವ ಯಾವ ಉಪಾಯ ಬಂದರೂ ನಾನು ಕೇಳುವುದು ಇಷ್ಟೇ: ಇದರಿಂದ ಬಡವರ ಬಾಯಿಗೆ 'ಬೇಡ' ಬಂತೋ ಇಲ್ಲವೋ?

ರಬಕವಿಯ ಕೂಲಿ ನೇಕಾರನನ್ನೇ ನೋಡು. ಮಗ್ಗ ಅವನದು, ಇಲ್ಲವೇ ಬಾಡಿಗೆಯದು. ನೂಲು ಸಾಹುಕಾರನದು. ನೇಯ್ದ ಸೀರೆಯೂ ಸಾಹುಕಾರನದೇ. ಇವನಿಗೆ ಸೀರೆಗಿಷ್ಟು ಅಂತ ಮಜೂರಿ. ನೂಲಿನ ದರ ಏರಿದರೂ, ಪೇಟೆ ಬಿದ್ದರೂ ಮೊದಲು ನಿಲ್ಲುವುದು ಇವನ ಲಾಳಿ. ಮಜೂರಿ ಸಾಲದು ಅಂತ ಜಗಳ ತೆಗೆಯಬೇಕೆಂದರೆ ಮಗಳ ಮದುವೆಗೆ ಅದೇ ಸಾಹುಕಾರನಿಂದ ತಂದ ಸಾಲ ಗಂಟಲು ಹಿಡಿಯುತ್ತದೆ. ಅಂಥವನಿಗೆ ನೀನು ಹೋಗಿ ಹೊಸ ವಿನ್ಯಾಸದ ತರಬೇತಿ ಕೊಡುತ್ತೀನಿ ಅಂದರೆ ಪಾಪ, ಚಹಾ ಕೊಟ್ಟು ಕಳಿಸಿಯಾನು. ಅವನಿಗೆ ಬೇಕಾದದ್ದು ತನ್ನದೇ ನೂಲು, ಮತ್ತು ಮಾಲು ಮಾರುವ ತನಕ ತಡೆದುಕೊಳ್ಳುವಷ್ಟು ಕೈಗಾಸು.

ಇದಕ್ಕೆ ಮದ್ದು ನಮ್ಮ ಸೀಮೆಯವರಿಗೆ ಗೊತ್ತಿರಲಿಲ್ಲ ಅಂದುಕೊಂಡೆಯಾ? ನೀನು ಮೂರು ಪುಟ ಮೀಸಲಿಟ್ಟ, ಬಡವರಿಗೆ ಸಣ್ಣ ಸಾಲ ಕೊಡುವ ಯೂನುಸ್ ಸಾಹೇಬರ ಗ್ರಾಮೀಣ ಬ್ಯಾಂಕು ಬಾಂಗ್ಲಾದೇಶದಲ್ಲಿ ಬ್ಯಾಂಕಾಗಿ ನಿಂತದ್ದು 1983ರಲ್ಲಿ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ! ಆಮೇಲೆ ಎಷ್ಟೋ ಸಂಘಗಳು ಅಧ್ಯಕ್ಷರ ಮನೆಯ ಪಡಸಾಲೆಯಾದವು, ಅದನ್ನು ಮುಚ್ಚಿಡುವುದಿಲ್ಲ. ನಿನ್ನ ಪ್ರಬಂಧದಲ್ಲಿ ಸಂಘ ಕಟ್ಟುವುದು ಹೇಗೆ ಅಂತ ಇದೆ. ಕಟ್ಟಿದ ಸಂಘವನ್ನು ಗೌಡರ, ಸಾಹುಕಾರರ ಕೈಯಿಂದ ಉಳಿಸಿಕೊಳ್ಳುವುದು ಹೇಗೆ ಅಂತ ಒಂದು ಸಾಲೂ ಇಲ್ಲ. ಕಷ್ಟದ ಕೆಲಸ ಇರುವುದೇ ಅಲ್ಲಿ.

ಜನ ಕೂಡಿ ಕಟ್ಟಿದ್ದು ಹೇಗಿರುತ್ತದೆ ಅಂತ ತಿಳಿಯಲು, ಜಮಖಂಡಿಗೆ ಹೋದಾಗ ಚಿಕ್ಕಪಡಸಲಗಿಯ ಬ್ಯಾರೇಜು ನೋಡಿ ಬಾ. ಅದು ಇಲ್ಲದಾಗ ಬೇಸಿಗೆ ಬಂತೆಂದರೆ ಕೃಷ್ಣೆಯಲ್ಲಿ ಮರಳು. ದಂಡೆಯ ಮೇಲೆ ಹೊಲ ಇದ್ದೂ ಬೆಳೆ ಒಣಗಿಸಿಕೊಂಡು ಕೂತಿದ್ದ ಕಾಲ ಅದು. ರೈತರು ಅರ್ಜಿ ಕೊಟ್ಟರು, ಮಂತ್ರಿಗಳಿಗೆ ಹಾರ ಹಾಕಿದರು, ಆಶ್ವಾಸನೆ ಕೇಳಿಕೊಂಡು ಬಂದರು. ಕಡೆಗೆ ಸರಕಾರದ ದಾರಿ ಕಾಯುವುದನ್ನು ಬಿಟ್ಟರು. ಸಿದ್ದು ನ್ಯಾಮಗೌಡರು ಮುಂದೆ ನಿಂತರು, ರೈತರು ವಂತಿಗೆ ಹಾಕಿದರು, ಶ್ರಮದಾನ ಮಾಡಿದರು. 1989ರಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜು ನಿಂತಿತು. ಹೆಸರು ಶ್ರಮಬಿಂದು ಸಾಗರ. ನ್ಯಾಮಗೌಡರು 'ಬ್ಯಾರೇಜ್ ಸಿದ್ದು' ಆದರು. 1991ರ ಲೋಕಸಭೆ ಚುನಾವಣೆಯಲ್ಲಿ ಇದೇ ಬಾಗಲಕೋಟೆ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರಂಥವರನ್ನೇ ಸೋಲಿಸಿದರು. ನೀರು ಕಟ್ಟಿದವನಿಗೆ ಜನ ವೋಟು ಕಟ್ಟದೆ ಇರುತ್ತಾರೆಯೇ?

ನಿನ್ನ ಪುಸ್ತಕದವರು ಇದಕ್ಕೆ ದೊಡ್ಡ ದೊಡ್ಡ ಹೆಸರು ಇಟ್ಟಾರು. ನನಗೆ ಕಾಣುವುದು ಬೇರೆ. ಜಗಳಾಡುವ ನೆರೆಹೊಲದವರೂ ಒಂದೇ ಪಾವತಿ ಪುಸ್ತಕದಲ್ಲಿ ಹೆಸರು ಬರೆಸಿದರಲ್ಲ, ಗೋಡೆಗಿಂತ ಅದು ದೊಡ್ಡದು.

ಆದರೆ ಅಲ್ಲಿಗೇ ಚಪ್ಪಾಳೆ ಹೊಡೆದು ಏಳಬೇಡ. ನೀರು ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆಗಳು ಬಂದವು. ಹೊಲ ಇದ್ದವರ ಮನೆಗೆ ಆರ್‌ಸಿಸಿ ಬಿತ್ತು. ಕೆಲವರು ಕಂಡಾಪಟ್ಟೆ ನೀರು ಹಾಯಿಸಿ, ಹೊಳೆಸಾಲಿನ ಕರಿಮಣ್ಣನ್ನು ಸವಳು ಮಾಡಿಕೊಂಡು ಕೂತರು. ಮುಧೋಳ ಕಡೆಗೆ ಹೋದರೆ ಉಪ್ಪಿನಂತೆ ಬಿಳಿಚಿದ ಹೊಲಗಳು ಈಗಲೂ ಕಾಣುತ್ತವೆ. ಹೊಲವೇ ಇಲ್ಲದವರಿಗೆ ಬಂದದ್ದು ಕುಡಗೋಲು. ಸುಗ್ಗಿ ಶುರುವಾಗುವ ಮೊದಲೇ ತಾಂಡಾಗಳಿಗೆ, ಆಚೆ ಮಹಾರಾಷ್ಟ್ರದ ಬೀಡ್ ಜಿಲ್ಲೆಗೆ ಮುಂಗಡದ ದುಡ್ಡು ಹೋಗುತ್ತದೆ. ಹಿಂದೆಯೇ ಕಬ್ಬು ಕಡಿಯುವ ಗ್ಯಾಂಗು ಬರುತ್ತದೆ. ಗಂಡ ಹೆಂಡತಿ ಸೇರಿ ಒಂದು ಜೋಡಿ ಅಂತ ಲೆಕ್ಕ. ಮಳೆಗಾಲದಲ್ಲಿ ತಿಂದ ಮುಂಗಡವನ್ನು ಚಳಿಗಾಲವೆಲ್ಲ ಕಡಿದು ತೀರಿಸಬೇಕು. ಮಕ್ಕಳು ಜೋಪಡಿಯಲ್ಲಿ, ಶಾಲೆ ಊರಲ್ಲಿ. ಇವರಿಗೆ 'ಬೇಡ' ಅನ್ನುವ ತಾಕತ್ತು ಬರಬೇಕಾದದ್ದು ಕಬ್ಬಿನ ಗದ್ದೆಯಲ್ಲಲ್ಲ, ಆಷಾಢ ಶ್ರಾವಣದಲ್ಲಿ ಅವರದೇ ಊರಿನಲ್ಲಿ. ಆಗ ಕೈಗೆ ನಾಲ್ಕು ಕಾಸು ಇದ್ದರೆ ಮುಂಗಡಕ್ಕೆ ಹೆಬ್ಬೆಟ್ಟು ಯಾಕೆ ಒತ್ತುತ್ತಿದ್ದರು? 2005ರ ಉದ್ಯೋಗ ಖಾತರಿ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸವನ್ನು ಹಕ್ಕು ಅಂತ ಬರೆಯಿತು. ಕೆಲಸ ಸರಿಯಾದ ತಿಂಗಳಲ್ಲಿ ಸಿಕ್ಕು, ಕೂಲಿ ತಡವಾಗದೆ ಬಂದರೆ ಮಾತ್ರ ಅದು ಹಕ್ಕು. ಯೋಜನೆ ಬರೆಯುವವರು ಪಂಚಾಂಗ ನೋಡಬೇಕಪ್ಪಾ!

ಬೀಳಗಿ ಕಡೆಯದು ಇನ್ನೊಂದು ಕಥೆ. ಆಲಮಟ್ಟಿಯ ಹಿನ್ನೀರು ಊರು ನುಂಗಿತು, ಪರಿಹಾರ ಬಂತು. ಅಣೆಕಟ್ಟೆ ಇನ್ನೂ ಎತ್ತರಿಸುವ ಕೆಲಸಕ್ಕೆ ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ಅಂತ 2025ರ ಸೆಪ್ಟೆಂಬರಿನಲ್ಲಿ ಸರಕಾರ ತೀರ್ಮಾನಿಸಿತು. ಬಡವರ ಕೈಗೆ ನೇರ ನಗದು ಕೊಟ್ಟರೆ ಮುಗಿಯಿತು ಅಂತ ಬರೆದಿದ್ದೀಯಲ್ಲ, ಹಿಂದಿನ ಪರಿಹಾರ ತಿಂದವರನ್ನು ಒಮ್ಮೆ ಮಾತಾಡಿಸು. ಬೇರೆ ಕಡೆ ಹೊಲ ಹಿಡಿದವರು ನಿಂತರು. ಮೋಟಾರು ಸೈಕಲ್ಲು, ಮದುವೆ, ಮತ್ತೊಂದು ಮದುವೆ ಅಂತ ಹೊರಟವರಿಗೆ ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಅನ್ನುವುದು ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ಹಾಗಂತ ನಗದನ್ನು ಬೈಯುವವನು ನಾನಲ್ಲ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದೆಯಲ್ಲ, ಅದನ್ನು ಕಟ್ಟೆಯ ಮೇಲೆ ಕೂತ ಗಂಡಸರು ಆಡಿಕೊಳ್ಳುತ್ತಾರೆ. ನನಗೆ ಅವರ ಮೇಲೆ ನಗು. ತಿಂಗಳು ತಿಂಗಳು ಹೆಣ್ಣುಮಗಳ ಹೆಸರಿಗೆ ಬರುವ ಚೂರು ದುಡ್ಡಿಗೆ, ಗಂಡನ ಹೆಸರಿಗೆ ಒಮ್ಮೆಗೇ ಬೀಳುವ ಗಂಟಿಗಿಂತ ಆಯುಷ್ಯ ಜಾಸ್ತಿ.

ಹೆಣ್ಣುಮಕ್ಕಳ ಮಾತು ಬಂತು, ಯಾರೂ ಚಹಾದಂಗಡಿಯಲ್ಲಿ ಆಡದ ಒಂದನ್ನು ಹೇಳಿಬಿಡುತ್ತೇನೆ. ಮುಧೋಳ, ಜಮಖಂಡಿ ಸೀಮೆಯಲ್ಲಿ ಬಡವರ, ಅದರಲ್ಲೂ ದಲಿತರ ಕೂಸುಗಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. 1982ರಲ್ಲಿ ಕಾಯ್ದೆ ತಂದು ನಿಷೇಧಿಸಿದರು. 2025ರಲ್ಲಿ ಮತ್ತೊಂದು ಬೇಕಾಯಿತು. ದೇವರ ಹೆಸರು ಹೇಳಿದರೂ ಕೆಳಗೆ ಕೂತದ್ದು ಹಸಿವು, ಜಾತಿ. ಇಲ್ಲೂ 'ಬೇಡ' ಅಂದವರು ತಾಯಂದಿರೇ. ತಮಗೊಂದು ಪಿಂಚಣಿ, ಒಂದು ಮನೆ, ಜೊತೆಗೆ ನಾಲ್ಕು ಹೆಂಗಸರ ಸಂಘ ಸಿಕ್ಕ ಮೇಲೆ ಮಗಳನ್ನು ಶಾಲೆಗೆ ಕಳಿಸಿದರು. ನಿನ್ನ ಪ್ರಬಂಧದಲ್ಲಿ 'ಮೂಢನಂಬಿಕೆ' ಅಂತ ಒಂದೇ ಪದದಲ್ಲಿ ಮುಗಿಸಿದ್ದೀಯ. ಅಷ್ಟು ಸಸ್ತಾ ಅಲ್ಲ ಅದು.

ಸಾಲವನ್ನು ಹೊಗಳಿ ಬರೆದ ಭಾಗ ಮಾತ್ರ ಪೂರ್ತಿ ಹೊಡೆದುಹಾಕು. ಒಂದು ಫೈನಾನ್ಸಿನ ವಾರದ ಕಂತು ತೀರಿಸಲು ಇನ್ನೊಂದರಿಂದ ಸಾಲ ತಂದು, ಮನೆಗೆ ಬೀಗ ಹಾಕಿ ಊರು ಬಿಟ್ಟವರನ್ನು ಕಂಡೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತರಬೇಕಾಯಿತು. ದುಡಿಮೆಗೆ ದಾರಿ ಇಲ್ಲದವಳಿಗೆ ಸಾಲ ಕೊಡುವುದು ಉಪಕಾರ ಹೇಗಾದೀತು?

ಹೊರದೇಶದಿಂದ ಕಲಿಯಲೇಬೇಕು ಅಂದರೆ ಬಾಂಗ್ಲಾದವರ ಬ್ರಾಕ್ ಸಂಸ್ಥೆಯಿಂದ ಕಲಿ. 2002ರಿಂದ ಅವರು ಕಡುಬಡವರಿಗೆ ಸಾಲದ ಬದಲು ಆಡು, ಆಕಳು ಕೊಟ್ಟರು. ಆಡು ಮರಿ ಹಾಕುವ ತನಕ ಹೊಟ್ಟೆಗೆ ಅಷ್ಟಿಷ್ಟು ಕೊಟ್ಟರು. ಎರಡು ವರ್ಷ ಒಬ್ಬರು ತಪ್ಪದೆ ಮನೆಗೆ ಹೋಗಿ ವಿಚಾರಿಸಿದರು. ಅದೇ ಬಗೆಯನ್ನು ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ದೇಶಗಳಲ್ಲಿ ಪರೀಕ್ಷಿಸಿ ನೋಡಿದ ವರದಿ 2015ರಲ್ಲಿ ಬಂತು. ಬೆಂಬಲ ನಿಲ್ಲಿಸಿ ಒಂದು ವರ್ಷವಾದ ಮೇಲೂ ಬಹುತೇಕ ಕಡೆ ಆ ಮನೆಗಳು ಮೊದಲಿಗಿಂತ ಮೇಲಿದ್ದವು. ಆಡು ಹುಡುಕುವುದು ಸುಲಭ. ಎರಡು ವರ್ಷ ತಪ್ಪದೆ ಮನೆಗೆ ಹೋಗುವ ಮನುಷ್ಯನನ್ನು ಹುಡುಕು ನೋಡೋಣ. ನಿನ್ನ ಮೇಲೆ ಕಣ್ಣಿಟ್ಟಿದ್ದೇನೆ, ಆದರೆ ಮೂರು ತಿಂಗಳಿಗೇ ಬೆಂಗಳೂರು ನೆನಪಾಗುತ್ತದೆ ನಿನಗೆ.

ಸದ್ಯಕ್ಕೆ ಒಂದು ಕೆಲಸ ಮಾಡು: ಸಕ್ಕರೆ ಕಾರ್ಖಾನೆಯ ಸೈರನ್ನು ಆದ ಕೂಡಲೇ ಸಮೀರವಾಡಿ ರಸ್ತೆಯ ಬದಿಯಲ್ಲಿರುವ ಕಬ್ಬು ಕಡಿಯುವವರ ಜೋಪಡಿಗಳಿಗೆ ಹೋಗು. ಪ್ರಶ್ನಾವಳಿ ಮನೆಯಲ್ಲೇ ಇರಲಿ. ಮುಂಗಡ ಯಾವ ತಿಂಗಳು ತಂದರು, ಯಾವ ಖರ್ಚಿಗೆ ತಂದರು, ಎಷ್ಟು ತೀರಿತು, ಇಷ್ಟು ಕೇಳಿಕೊಂಡು ಬಾ. ಬಡ್ಡಿ ಕೇಳುವಾಗ ನೂರಕ್ಕೆ ತಿಂಗಳಿಗೆ ಎಷ್ಟು ಅಂತ ಕೇಳು. ವರ್ಷದ ಲೆಕ್ಕ ಅಲ್ಲಿ ಯಾರೂ ಇಟ್ಟಿರುವುದಿಲ್ಲ.